ಹಳೆ ಟ್ರ್ಯಾಕ್ಟರಿನ ಆಯಿಲ್ ಸೀಲು: ಒಂದೇ ಕೆಲಸಕ್ಕೆ ಮೂರು ಸಲ ಗಾಡಿ ಬಿಚ್ಚಿಸಿದವನ ಎಚ್ಚರಿಕೆ

ಭರಮಸಾಗರದ ಸಮೀಪದ ನಮ್ಮ ಹೊಲಮನೆಯಲ್ಲಿ, ತಂದೆಯವರು 1988ರಲ್ಲಿ ಕೊಂಡ ಮ್ಯಾಸಿ ಫರ್ಗ್ಯುಸನ್ 1035 ಟ್ರ್ಯಾಕ್ಟರು ಇಂದಿಗೂ ದುಡಿಯುತ್ತಿದೆ. ಕಳೆದ ವರ್ಷ ಮೇ ತಿಂಗಳಲ್ಲಿ ಅದರ ಎಂಜಿನ್ನಿನ ಹಿಂಬದಿಯಲ್ಲಿ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲನ್ನು ಬದಲಿಸಲು ಹೊರಟು, ಒಂದೇ ಕೆಲಸಕ್ಕೆ ಮೂರು ಸಲ ಗಾಡಿಯನ್ನು ನಡುವಿಗೆ ಬಿಚ್ಚಿಸಿ, ಹೊಸ ಕ್ಲಚ್ ಪ್ಲೇಟೊಂದನ್ನು ಎಣ್ಣೆಯಲ್ಲಿ ನೆನೆಸಿ ಕೆಡಿಸಿಕೊಂಡು, ಕೊನೆಗೆ ಮೆಕ್ಕೆಜೋಳದ ಬಿತ್ತನೆಗೆ ಬಾಡಿಗೆ ಟ್ರ್ಯಾಕ್ಟರಿಗಾಗಿ ಮನೆಮನೆ ಅಲೆದೆ. ಇದೇ ಕಾಲದ ಗಾಡಿಗಳು ನಮ್ಮ ಸುತ್ತಿನ ಹಳ್ಳಿಗಳಲ್ಲಿ ಇನ್ನೂ ಬಹಳಷ್ಟಿರುವುದರಿಂದ, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ. ಗ್ಯಾರೇಜಿನ ಹೆಸರು ಹೇಳುವುದಿಲ್ಲ, ಏಕೆಂದರೆ ಅರ್ಧ ತಪ್ಪು ನನ್ನದೇ.

ರಾತ್ರಿ ಗಾಡಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಅಂಗೈಯಗಲದ ಕಪ್ಪು ಕಲೆ ಕಾಣಿಸತೊಡಗಿತು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಕ್ಲಚ್ ಹೌಸಿಂಗಿನ ತಳದಲ್ಲಿ ಒಂದು ಸಣ್ಣ ತೂತಿದ್ದು, ಅದು ಕೆಸರಿನಿಂದ ಮುಚ್ಚಿಹೋಗದಿರಲೆಂದು ಅದರಲ್ಲಿ ಸ್ಪ್ಲಿಟ್ ಪಿನ್ನೊಂದನ್ನು ಸಡಿಲವಾಗಿ ತೂಗಬಿಟ್ಟಿರುತ್ತಾರೆ. ಎಣ್ಣೆ ಆ ಪಿನ್ನಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅದನ್ನು ಕಂಡ ಕೂಡಲೇ ಸೀಲು ಹೋಗಿದೆ ಎಂದು ನಾನೇ ತೀರ್ಪು ಕೊಟ್ಟುಬಿಟ್ಟೆ. ವಾಸ್ತವದಲ್ಲಿ ಆ ತೂತಿಗೆ ಎಣ್ಣೆ ಬರುವ ದಾರಿ ಒಂದೇ ಅಲ್ಲ. ಎಂಜಿನ್ನಿನ ಹಿಂದಿನ ಸೀಲಿನಿಂದ ಬರಬಹುದು, ಗೇರ್‌ಬಾಕ್ಸಿನ ಮುಂದಿನ ಶಾಫ್ಟಿನ ಸೀಲಿನಿಂದಲೂ ಬರಬಹುದು. ಇನ್ನು ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಸೋರಿ, ಎಣ್ಣೆ ಎಂಜಿನ್ನಿನ ಬೆನ್ನಿಗುಂಟ ಇಳಿದು ಹೌಸಿಂಗಿನ ಹೊರಮೈಯಿಂದ ಅದೇ ಜಾಗದಲ್ಲಿ ತೊಟ್ಟಿಕ್ಕುವುದೂ ಉಂಟು. ಡೀಸೆಲ್‌ನಿಂದ ತೊಳೆದು, ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಸವರಿ ಅರ್ಧ ಗಂಟೆ ಎಂಜಿನ್ ಓಡಿಸಿದರೆ, ಎಣ್ಣೆಯ ದಾರಿ ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಕಾಣುತ್ತದೆ. ಎರಡು ರೂಪಾಯಿಯ ಈ ಪರೀಕ್ಷೆಯನ್ನು ನಾನು ಮಾಡಲಿಲ್ಲ, ಗ್ಯಾರೇಜಿನವರೂ ಮಾಡಲಿಲ್ಲ.

ಸೀಲು ಸಿಗುವ ಜಾಗಕ್ಕೆ ಕೈ ಹಾಕಬೇಕಾದರೆ ಗಾಡಿಯನ್ನು ಎರಡು ಭಾಗ ಮಾಡಿ, ಕ್ಲಚ್ಚು ಮತ್ತು ಫ್ಲೈವೀಲನ್ನು ಇಳಿಸಲೇಬೇಕು. ಈ ಟ್ರ್ಯಾಕ್ಟರಿನ ಮುಂದಿನ ಆಕ್ಸೆಲ್ ನಡುವಿನ ಒಂದೇ ಪಿನ್ನಿನ ಮೇಲೆ ತೂಗುವಂಥದ್ದಾದ್ದರಿಂದ, ಹಿಂಭಾಗ ಬೇರ್ಪಟ್ಟ ಕ್ಷಣದಲ್ಲಿ ಎಂಜಿನ್ ಎಡಕ್ಕೋ ಬಲಕ್ಕೋ ವಾಲಿಬಿಡುತ್ತದೆ. ಅದಕ್ಕಾಗಿಯೇ ಆಕ್ಸೆಲ್ಲಿಗೂ ಅದರ ಮೇಲಿನ ಬ್ರಾಕೆಟ್ಟಿಗೂ ನಡುವೆ ಎರಡೂ ಕಡೆ ಮರದ ಬೆಣೆ ಹೊಡೆಯುವುದು ಮೊದಲ ಕೆಲಸ. ನಮ್ಮ ಗಾಡಿಗೆ ಬೆಣೆ ಹೊಡೆಯಲಿಲ್ಲ, ಕೆಳಗೆ ಒಂದು ಜಾಕು ಮಾತ್ರ ಇತ್ತು. ಕೊನೆಯ ಬೋಲ್ಟು ಸಡಿಲಿಸಿದಾಗ ಎಂಜಿನ್ ಒಮ್ಮೆಲೇ ಎಡಕ್ಕೆ ಹೊರಳಿತು. ಸ್ಪ್ಯಾನರ್ ಹಿಡಿದು ಕೂತಿದ್ದ ಹದಿನೇಳರ ಹುಡುಗ ಕೈ ಎಳೆದುಕೊಂಡದ್ದರಿಂದ ಉಳಿದ. ಅಲ್ಲಿಂದಲೇ ಗಾಡಿಯನ್ನು ವಾಪಸು ತರಬೇಕಿತ್ತು ಎಂದು ಈಗ ಅನ್ನಿಸುತ್ತದೆ; ಆದರೆ ಎರಡು ತುಂಡಾದ ಗಾಡಿಯನ್ನು ತರುವುದಾದರೂ ಹೇಗೆ?

ಇನ್ನು ಸೀಲಿನ ವಿಷಯ. ಚೆನ್ನೈಯ ಸಿಂಪ್ಸನ್ ಕಾರ್ಖಾನೆಯವರು ಪರ್ಕಿನ್ಸ್ ವಿನ್ಯಾಸದಲ್ಲಿ ತಯಾರಿಸಿದ ಮೂರು ಸಿಲಿಂಡರಿನ ಈ ಹಳೆಯ ಎಂಜಿನ್ನುಗಳಲ್ಲಿ ಹಿಂದಿನ ಸೀಲು ಇಂದಿನಂತೆ ರಬ್ಬರಿನ ಬಳೆಯಲ್ಲ. ಎರಡು ಅರ್ಧಚಂದ್ರಾಕಾರದ ಹೌಸಿಂಗುಗಳ ತೋಡಿನಲ್ಲಿ ಕೂರಿಸಿದ ಹಗ್ಗದ ತುಂಡುಗಳು. ಮೆಕ್ಯಾನಿಕ್ಕುಗಳ ಬಾಯಲ್ಲಿ ರೋಪ್ ಸೀಲು. ಹಗ್ಗದ ಎರಡೂ ತುದಿಗಳನ್ನು ಮೊದಲು ಒತ್ತಿ, ಅವು ಹೌಸಿಂಗಿನ ಅಂಚಿಗಿಂತ ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರಿನಷ್ಟು ಹೊರಗೆ ಉಳಿಯುವಂತೆ ಇಟ್ಟುಕೊಂಡು, ಅನಂತರ ನಡುಭಾಗವನ್ನು ಒತ್ತಿ, ನುಣುಪಾದ ದುಂಡು ಸರಳನ್ನು ಅದರ ಮೇಲೆ ಉರುಳಿಸಿ ಉರುಳಿಸಿ ಕೂರಿಸಬೇಕು. ಹೊರಗುಳಿದ ಆ ಕೂದಲೆಳೆಯಷ್ಟು ಹಗ್ಗವೇ, ಎರಡು ಅರ್ಧಗಳನ್ನು ಕೂಡಿಸಿ ಬೋಲ್ಟು ಬಿಗಿದಾಗ ಒಂದರ ತುದಿಯನ್ನು ಇನ್ನೊಂದು ಒತ್ತಿಹಿಡಿದು ಎಣ್ಣೆಗೆ ದಾರಿ ಕೊಡದಂತೆ ಮಾಡುವುದು. ಗ್ಯಾರೇಜಿನಾತ ಸರಳು ಹುಡುಕುವ ಗೋಜಿಗೆ ಹೋಗದೆ ಸ್ಕ್ರೂಡ್ರೈವರಿನ ಹಿಡಿಯಿಂದ ಹಗ್ಗವನ್ನು ಗುದ್ದಿ, ಹೊರಗೆ ಚಾಚಿದ್ದನ್ನೆಲ್ಲ ಬ್ಲೇಡಿನಿಂದ ಅಂಚಿಗೆ ಸಮನಾಗಿ ಕೊಯ್ದುಹಾಕಿದ. ನೋಡಲು ಬಹಳ ಚೊಕ್ಕಟವಾಗಿತ್ತು. ನಾನು ಪಕ್ಕದಲ್ಲೇ ನಿಂತು ಚಹಾ ಕುಡಿಯುತ್ತ ಅದನ್ನು ಮೆಚ್ಚಿಕೊಂಡೆ.

ಅದಕ್ಕಿಂತ ದೊಡ್ಡ ಅನಾಹುತ ಅದಕ್ಕೂ ಮೊದಲೇ ಆಗಿತ್ತು. ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟಿನ ಮೇಲೆ ಹಗ್ಗ ತಾಕುವ ಜಾಗದಲ್ಲಿ ತೆಳುವಾದ ಗೆರೆಗಳಿದ್ದವು. ಅವು ಸವೆತದ ಗುರುತೆಂದು ಆತ ಎಮರಿ ಪೇಪರ್ ಸುತ್ತಿ ಉಜ್ಜತೊಡಗಿದ. ಆ ಗೆರೆ ಸವೆತದ್ದಲ್ಲ, ಕಾರ್ಖಾನೆಯಲ್ಲೇ ಕೊರೆದ ಸುರುಳಿ ತೋಡು. ಶಾಫ್ಟು ತಿರುಗುವಾಗ ಹೊರಗೆ ಹರಿಯಬಂದ ಎಣ್ಣೆಯನ್ನು ಸ್ಕ್ರೂವಿನಂತೆ ಒಳಕ್ಕೇ ತಳ್ಳುವುದು ಅದರ ಕೆಲಸ ಎಂಬುದು ಅಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹಳೆಯ ಹಗ್ಗದ ಪುಡಿಯನ್ನು ಆತ ಕಂಪ್ರೆಸರ್ ಗಾಳಿಯಿಂದ ಊದಿ ತೆಗೆದದ್ದನ್ನೂ ಇಲ್ಲಿ ಹೇಳಬೇಕು. ಹಿಂದಿನ ಕಾಲದ ಸೀಲಿನ ಹಗ್ಗದಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವಂಥದ್ದಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕಾದದ್ದನ್ನು ಅಂದು ಗ್ಯಾರೇಜಿನಲ್ಲಿದ್ದ ಐದಾರು ಮಂದಿ ಉಸಿರಾಡಿದೆವು.

ನಾಲ್ಕನೆಯ ದಿನಕ್ಕೆ ಪಿನ್ನಿನ ತುದಿಯಲ್ಲಿ ಮತ್ತೆ ಎಣ್ಣೆ, ಈ ಸಲ ಮೊದಲಿಗಿಂತ ಹೆಚ್ಚು. ಎರಡನೆಯ ಬಾರಿ ಕೂಲಿ ಕೇಳದೆ ಬಿಚ್ಚಿಕೊಟ್ಟರು, ಅದು ನಿಜ. ಆದರೆ ಹಿಂದೆ ಗಿಡ್ಡ ಮಾಡಿದ ಹಗ್ಗವನ್ನು ಈ ಸಲ ತೀರಾ ಉದ್ದ ಬಿಟ್ಟದ್ದರಿಂದ ಎರಡು ಅರ್ಧಗಳು ಒಂದಕ್ಕೊಂದು ಕೂಡಲೇ ಇಲ್ಲ. ನಡುವೆ ಉಳಿದ ಸಂದಿಗೆ ಸಿಲಿಕಾನ್ ಗಮ್ಮನ್ನು ಗೋಡೆಗೆ ಗಾರೆ ಮೆತ್ತಿದಂತೆ ಮೆತ್ತಿದರು. ಅದೂ ಒಂದು ವಾರ ತಡೆಯಿತು. ಅಷ್ಟರಲ್ಲಿ ರೋಹಿಣಿ ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು; ಕಲ್ಟಿವೇಟರ್ ಹೂಡಿ ಎರಡು ಸಾಲು ಹೋಗುವಷ್ಟರಲ್ಲಿ ಕ್ಲಚ್ಚು ಜಾರತೊಡಗಿ, ಸುಟ್ಟ ವಾಸನೆ ಮೂಗಿಗೆ ಬಡಿಯಿತು. 4,800 ರೂಪಾಯಿಯ ಹೊಸ ಪ್ಲೇಟು ಎಣ್ಣೆ ಕುಡಿದು ಮುಗಿದಿತ್ತು. ಹದ ನಮಗಾಗಿ ಕಾಯುವುದಿಲ್ಲವಾದ್ದರಿಂದ ಎಂಟು ಎಕರೆಯನ್ನೂ ಬಾಡಿಗೆ ಗಾಡಿಯಿಂದಲೇ ಬಿತ್ತಿಸಿದೆ.

ಬಿತ್ತನೆ ಮುಗಿದ ಮೇಲೆ ಚಿತ್ರದುರ್ಗದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಮನೆಗೇ ಕರೆತಂದೆ. ಅವರು ಸ್ಪ್ಯಾನರ್ ಚೀಲವನ್ನು ಬಿಚ್ಚಲೇ ಇಲ್ಲ. ಎಂಜಿನ್ ಚಾಲೂ ಮಾಡಿಸಿ, ಎಣ್ಣೆ ಹಾಕುವ ಮುಚ್ಚಳ ತೆಗೆದರು. ಒಳಗಿನಿಂದ ಹೊಗೆ ಬುಸಬುಸನೆ ನುಗ್ಗಿತು. "ಬ್ಯಾಕ್ ಕಂಪ್ರೆಶನ್ ಐತಿ ಯಜಮಾನ್ರೇ. ಬ್ರೀದರ್ ನೋಡಿದ್ರಾ?" ಎಂದರು. ನಾನು ಆ ಪೈಪನ್ನು ನೋಡಿ ವರ್ಷಗಳಾಗಿದ್ದವು. ನೆಲದ ಕಡೆ ಬಾಯಿ ಮಾಡಿಕೊಂಡಿರುವ ಅದರೊಳಗೆ ಅವರು ಬೈಂಡಿಂಗ್ ತಂತಿ ತೂರಿಸಿ ಎಳೆದಾಗ ಹೆಬ್ಬೆರಳು ಗಾತ್ರದ ಮಣ್ಣಿನ ಗೂಡು ಪುಡಿಪುಡಿಯಾಗಿ ಉದುರಿತು, ಜೊತೆಗೆ ಒಣಗಿದ ಎರಡು ಜೇಡ. ಕುಂಬಾರ ಹುಳ ತನ್ನ ಮರಿಗೆ ತಂದಿಟ್ಟ ಆಹಾರವಂತೆ. ಪಿಸ್ಟನ್ನುಗಳ ಪಕ್ಕದಿಂದ ಕೆಳಗೆ ಸೋರುವ ಹೊಗೆ ಈ ಪೈಪಿನಿಂದ ಹೊರಗೆ ಹೋಗಬೇಕು. ಅದು ಮುಚ್ಚಿದ್ದರಿಂದ ಒಳಗೆ ಒತ್ತಡ ಕಟ್ಟಿ, ಸಿಕ್ಕ ಸಂದಿಯಿಂದ ಎಣ್ಣೆಯನ್ನು ಹೊರದೂಡುತ್ತಿತ್ತು. ಮೊದಲ ದಿನವೇ ಈ ಗೂಡು ತೆಗೆದಿದ್ದರೆ ಹಳೆಯ ಸೀಲೇ ಇನ್ನೊಂದೆರಡು ವರ್ಷ ಬರುತ್ತಿತ್ತೇನೋ, ಹೇಳಲಾರೆ. ಆದರೆ ಎರಡು ಸಲ ಕೆಡಿಸಿದ ಸೀಲಿಗಂತೂ ಈಗ ಬಿಚ್ಚದೆ ಗತಿಯಿರಲಿಲ್ಲ.

ಅವರ ಕೆಲಸದ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಮೊದಲು ಬೆಣೆ ಹೊಡೆದರು, ಫ್ಲೈವೀಲ್ ಇಳಿಸುವ ಮುನ್ನ ಪಂಚಿನಿಂದ ಗುರುತು ಹಾಕಿದರು, ಹಗ್ಗದ ತುದಿಯನ್ನು ಫೀಲರ್ ಗೇಜಿನಿಂದ ಅಳೆದರು, ಒಳಮೈಗೆ ಗ್ರಾಫೈಟ್ ಗ್ರೀಸ್ ಸವರಿದರು. ಎಮರಿ ಉಜ್ಜಿದ ಜಾಗದ ಮೇಲೆ ಉಗುರು ಎಳೆದು ನೋಡಿ, "ಪೂರ್ತಿ ಅಳಿಸಿಲ್ಲ, ನಿಮ್ಮ ಪುಣ್ಯ" ಎಂದರು. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಚೇಂಬರ್ ಇಳಿಸಿದಾಗ ಎಣ್ಣೆ ಪಂಪಿನ ಜಾಲರಿಗೆ ಅಂಟಿಕೊಂಡಿದ್ದ ಸಿಲಿಕಾನಿನ ಚೂರುಗಳನ್ನು ನನ್ನ ಅಂಗೈಗೆ ಹಾಕಿದರು. ಇನ್ನಷ್ಟು ಅಂಟಿದ್ದರೆ ಬೇರಿಂಗುಗಳಿಗೆ ಎಣ್ಣೆಯೇ ಹೋಗದೆ ಎಂಜಿನ್ ಹಿಡಿದುಕೊಳ್ಳುತ್ತಿತ್ತು.

ಪ್ಲೇಟು, ಬಾಡಿಗೆ, ಮೂರು ಸಲದ ಎಣ್ಣೆ, ಇಬ್ಬರ ಕೂಲಿ ಎಲ್ಲ ಸೇರಿ 31,000 ರೂಪಾಯಿ ದಾಟಿತು. ಹಗ್ಗದ ಸೀಲಿನ ಬೆಲೆ ಅದರಲ್ಲಿ ಲೆಕ್ಕಕ್ಕೂ ಬಾರದಷ್ಟು. ಈಗ ದಿನವಿಡೀ ದುಡಿದ ಮೇಲೂ ಪಿನ್ನಿನ ತುದಿಯಲ್ಲಿ ಒಂದು ಹನಿ ನಿಲ್ಲುತ್ತದೆ, ಬೀಳುವುದಿಲ್ಲ. ಹಗ್ಗದ ಸೀಲಿಗೆ ಅಷ್ಟು ಬೆವರು ಸಹಜವೆಂದು ಆ ಹಿರಿಯರು ಮೊದಲೇ ಹೇಳಿದ್ದರು. ಮೊನ್ನೆ ಬ್ರೀದರ್ ಪೈಪಿನ ಬಾಯಲ್ಲಿ ಮತ್ತೆ ಒಂದಿಷ್ಟು ಹಸಿ ಮಣ್ಣು ಕಂಡಿತು. ತಂತಿ ಹಾಕಿ ಕೆದಕಿ ತೆಗೆದೆ.