ಜೇನು ಯಾವಾಗ ಹಾಕಬೇಕು? ಒಂದೇ ಬಿಯರ್, ನಾಲ್ಕು ಜಾಡಿ

ಜೇನು ಹಾಕಿದರೆ ಬಿಯರ್ ಸಿಹಿಯಾಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಮೊದಲ ಸಲ 19 ಲೀಟರಿಗೆ ಅರ್ಧ ಕೇಜಿಗಿಂತ ಜಾಸ್ತಿ ಜೇನು ಸುರಿದೆ. ವಾರಗಟ್ಟಲೆ ಕಾದು, ಲೋಟಕ್ಕೆ ಬಗ್ಗಿಸಿ ಕುಡಿದರೆ ಸಿಹಿಯ ಸುಳಿವೇ ಇಲ್ಲ. ತೆಳ್ಳಗೆ, ನಾಲಿಗೆ ಮೇಲೆ ನಿಲ್ಲದೆ ಇಳಿದುಹೋಗುವ ಬಿಯರ್. ಅಷ್ಟು ಜೇನು ಎಲ್ಲಿ ಹೋಯ್ತು?

ಯೀಸ್ಟ್ ತಿಂದುಬಿಟ್ಟಿತ್ತು. ಜೇನಿನಲ್ಲಿ ನೂರಕ್ಕೆ 17–18 ಭಾಗ ನೀರು. ಉಳಿದದ್ದು ಬಹುಪಾಲು ಫ್ರಕ್ಟೋಸ್ ಮತ್ತು ಗ್ಲೂಕೋಸ್. ಇವೆರಡನ್ನೂ ಯೀಸ್ಟ್ ಹೆಚ್ಚುಕಮ್ಮಿ ಪೂರ್ತಿ ಖಾಲಿ ಮಾಡುತ್ತದೆ. ಮಾಲ್ಟಿನಲ್ಲಾದರೆ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಲ್ಲಾದರೆ, ಯೀಸ್ಟಿಗೆ ದಕ್ಕದ ಸಕ್ಕರೆ ಸ್ವಲ್ಪ ಉಳಿಯುತ್ತದೆ, ಬಿಯರಿಗೆ ಮೈ ಬರುವುದು ಅದರಿಂದ. ಅಂದರೆ ಜೇನಿನಿಂದ ನಾವು ಉಳಿಸಿಕೊಳ್ಳಬಹುದಾದದ್ದು ಸಿಹಿ ಅಲ್ಲ, ಪರಿಮಳ. ಅದು ಉಳಿಯಬೇಕಾದರೆ ಜೇನನ್ನು ಯಾವ ಹಂತದಲ್ಲಿ ಹಾಕಬೇಕು ಅನ್ನುವುದೇ ನನ್ನ ಪ್ರಶ್ನೆಯಾಯಿತು.

ನಾವಿರುವುದು ಅಮೆರಿಕದ ಒರೆಗಾನ್ ರಾಜ್ಯದ ಬೀವರ್ಟನ್‌ನಲ್ಲಿ. ಇಲ್ಲಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅಡ್ಡಿಯಿಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ, ಇಬ್ಬರು ದೊಡ್ಡವರಿರುವ ಮನೆಯವರು ವರ್ಷಕ್ಕೆ 200 ಗ್ಯಾಲನ್ ವರೆಗೆ ಮಾಡಬಹುದು. ಮಾರುವಂತಿಲ್ಲ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮಾಡುವುದು ಅಪರಾಧ. ಊರಲ್ಲಿರುವವರು ದಯವಿಟ್ಟು ಇದನ್ನು ಓದಿಕೊಂಡು ಪಾತ್ರೆ ಇಡಬೇಡಿ.

ಒಂದೇ ದಿನ, ಒಂದೇ ದೊಡ್ಡ ಪಾತ್ರೆಯಲ್ಲಿ ಮಾಲ್ಟ್ ನೆನೆಸಿ ಸಿಹಿ ನೀರು ಬಸಿದೆ. ಇದಕ್ಕೆ ವೋರ್ಟ್ ಅನ್ನುತ್ತಾರೆ. ಬಿಯರಿಗೆ ಕಹಿ ಕೊಡುವ ಹೂವು ಹಾಪ್ಸ್; ನಾನು ಹಾಕಿದ್ದು ಇಲ್ಲಿಯದೇ ವಿಲ್ಲಾಮೆಟ್ ತಳಿ, ಅದೂ ಸ್ವಲ್ಪವೇ. ಕಹಿ ಜಾಸ್ತಿಯಾದರೆ ಜೇನು ಮುಚ್ಚಿಹೋಗುತ್ತದೆ. ನೀರಿಗೆ ಹೋಲಿಸಿ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.040 ತೋರಿಸಿತು. ಸಕ್ಕರೆ ಜಾಸ್ತಿಯಿದ್ದಷ್ಟೂ ಈ ಅಂಕಿ ಮೇಲೆ. ಅದನ್ನು 3.8 ಲೀಟರಿನ ನಾಲ್ಕು ಗಾಜಿನ ಜಾಡಿಗಳಿಗೆ ಹಂಚಿದೆ. ಯೀಸ್ಟ್ ಎಲ್ಲದಕ್ಕೂ ಒಂದೇ, ಜೇನೂ ಒಂದೇ: ಮೆಡೋಫೋಮ್ ಹೂವಿನದು. ನಮ್ಮ ಪಕ್ಕದ ವಿಲ್ಲಾಮೆಟ್ ಕಣಿವೆಯಲ್ಲಿ ಈ ಗಿಡವನ್ನು ಎಣ್ಣೆಗಾಗಿ ಬೆಳೆಯುತ್ತಾರೆ. ಇದರ ಜೇನಿಗೆ ವೆನಿಲ್ಲಾದ ಹಾಗೆ, ಸುಟ್ಟ ಮಾರ್ಷ್‌ಮ್ಯಾಲೋ ಹಾಗೆ ಒಂದು ವಾಸನೆ ಇರುತ್ತದೆ. ಒಮ್ಮೆ ಮೂಸಿದರೆ ಮರೆಯುವುದಿಲ್ಲ.

ಮೊದಲ ಜಾಡಿಯದಕ್ಕೆ 150 ಗ್ರಾಂ ಜೇನು ಹಾಕಿ ವೋರ್ಟನ್ನು 15 ನಿಮಿಷ ಕುದಿಸಿದೆ. ಮನೆಯೆಲ್ಲ ಘಮಘಮ. ಆಮೇಲೆ ಹೊಳೆಯಿತು: ಅಡುಗೆಮನೆಗೆ ಬಂದ ಪರಿಮಳ ಅಂದರೆ ಬಿಯರಿನಿಂದ ಹೋದ ಪರಿಮಳ. ಕುಡಿದಾಗಲೂ ಅದೇ ಗೊತ್ತಾಯಿತು. ಸ್ವಚ್ಛವಾದ, ಹಗುರಾದ ಬಿಯರ್, ಆದರೆ ಜೇನು ಹಾಕಿದೆ ಅಂತ ಹೇಳದಿದ್ದರೆ ಯಾರೂ ಗುರುತಿಸುವುದಿಲ್ಲ. ಇದಕ್ಕೆ ಸಕ್ಕರೆಯೇ ಸಾಕಿತ್ತು.

ಎರಡನೆಯ ಜಾಡಿಗೆ ಅಷ್ಟೇ ಜೇನು, ಆದರೆ ನಾಲ್ಕನೆಯ ದಿನ. ಯೀಸ್ಟಿನ ಮೊದಲ ಅಬ್ಬರ ಇಳಿದು, ಏರ್‌ಲಾಕಿನ (ಒಳಗಿನ ಗ್ಯಾಸನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ ಮುಚ್ಚಳ) ಗುಳ್ಳೆ ನಿಧಾನವಾದ ಮೇಲೆ. ಇಲ್ಲೇ ನಾನು ತಪ್ಪು ಮಾಡಿದ್ದು. ಜೇನನ್ನು ಹಾಗೇ ಜಾಡಿಯ ಕುತ್ತಿಗೆಯಿಂದ ಇಳಿಸಿದೆ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ತಳದಿಂದ ಬಿಳಿ ನೊರೆ ಎದ್ದು, ಹಾಲು ಉಕ್ಕುವ ಹಾಗೆ ಉಕ್ಕಿ, ಜಾಡಿಯ ಮೈಮೇಲೆಲ್ಲ ಹರಿದು ನೆಲಕ್ಕೆ ಬಂತು. ಹುದುಗುತ್ತಿರುವ ಬಿಯರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ, ಏನಾದರೂ ಬಿದ್ದು ಕದಡಿದರೆ ಒಮ್ಮೆಗೇ ಮೇಲೆ ಬರುತ್ತದೆ. ಒಂದು ಲೋಟದಷ್ಟು ಬಿಯರ್ ಹೋಯಿತು. ಈಗ ಜೇನಿಗೆ ಅಷ್ಟೇ ನೀರು ಬೆರೆಸಿ, ಮುಚ್ಚಿಟ್ಟು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ನಿಮಿಷ ಬೆಚ್ಚಗೆ ಮಾಡಿ, ಆರಿಸಿ, ಜಾಡಿಯ ಒಳಗೋಡೆಯ ಮೇಲೆ ಸಣ್ಣಗೆ ಹರಿಬಿಡುತ್ತೇನೆ. ಹಸಿ ಜೇನಿನಲ್ಲಿರುವ ಕಾಡು ಯೀಸ್ಟಿನ ಭಯವೂ ಹೋಗುತ್ತದೆ.

ಆದರೆ ಆ ಜಾಡಿಯ ಬಿಯರ್! ಕೊನೆಗೆ ಹೈಡ್ರೋಮೀಟರ್ 1.008ಕ್ಕೆ ಇಳಿದಿತ್ತು, ಅಂದರೆ ಮೊದಲನೆಯದರಷ್ಟೇ ಒಣ. ಸಿಹಿ ಇಲ್ಲ. ಲೋಟ ಮೂಗಿನ ಹತ್ತಿರ ತಂದರೆ ಮಾತ್ರ ಅದೇ ವೆನಿಲ್ಲಾ ವಾಸನೆ, ನುಂಗಿದ ಮೇಲೆ ಮತ್ತೊಮ್ಮೆ. ಕುದಿಯ ಬಿಸಿಯೂ ಇಲ್ಲ, ಮೊದಲ ದಿನಗಳ ಗುಳ್ಳೆಯ ಜೊತೆ ಹಾರಿಹೋಗುವುದೂ ಇಲ್ಲ. ಉಳಿಯದೆ ಏನು ಮಾಡೀತು?

ಮೂರನೆಯದಕ್ಕೆ ಬಾಟಲಿ ತುಂಬುವಾಗ ಮಾತ್ರ, ಗ್ಯಾಸ್ ಹಿಡಿಯಲು ಹಾಕುವ ಸಕ್ಕರೆಯ ಬದಲು 30 ಗ್ರಾಂ ಜೇನು. ಚಮಚದ ಲೆಕ್ಕ ಬೇಡ, ತಕ್ಕಡಿಯಲ್ಲೇ ತೂಗಿ. ಇಲ್ಲಿ ಜಾಸ್ತಿಯಾದರೆ ಬಾಟಲಿ ಒಡೆಯುತ್ತದೆ. ರುಚಿಯಲ್ಲಿ ವ್ಯತ್ಯಾಸ ನನಗೆ ಸಿಗಲಿಲ್ಲ. ಒಳ್ಳೆ ಜೇನನ್ನು ಸುಮ್ನೆ ಇದಕ್ಕೆ ಹಾಳು ಮಾಡಬೇಡಿ.

ನಾಲ್ಕನೆಯದರಲ್ಲಿ ಜೇನೇ ಇಲ್ಲ. ಅದಕ್ಕೆ ಹಾಕಿದ್ದು ಹನಿ ಮಾಲ್ಟ್, ಕೆನಡಾದ ಗ್ಯಾಂಬ್ರಿನಸ್ ಕಂಪನಿಯದು. ಬಾರ್ಲಿ ಮೊಳೆಯುವಾಗ ಗಾಳಿ ಕಡಿಮೆ ಮಾಡಿ ತಯಾರಿಸುವ ಮಾಲ್ಟ್ ಇದು, ಹೆಸರಿನಲ್ಲಷ್ಟೇ ಜೇನು. 100 ಗ್ರಾಂ ಪುಡಿ ಮಾಡಿ ಬೇರೆ ನೆನೆಸಿ, ಬಸಿದ ನೀರನ್ನು ಸೇರಿಸಿದೆ. ನಮ್ಮವರು ಮತ್ತು ಇಬ್ಬರು ಸ್ನೇಹಿತರಿಗೆ ಲೋಟದ ತಳಕ್ಕೆ ನಂಬರ್ ಅಂಟಿಸಿ ನಾಲ್ಕನ್ನೂ ಕೊಟ್ಟು, ಯಾವುದರಲ್ಲಿ ಜೇನು ಜಾಸ್ತಿ ಅಂತ ಕೇಳಿದೆ. ಮೂವರೂ ನಾಲ್ಕನೆಯದನ್ನೇ ತೋರಿಸಿದರು. ಅದರಲ್ಲಿ ಸಿಹಿ ಉಳಿದಿತ್ತು, ಅಳತೆ 1.012ಕ್ಕೆ ನಿಂತಿತ್ತು. ನಾಲಿಗೆ ಜೇನು ಅಂತ ಹುಡುಕುವುದು ಸಿಹಿಯನ್ನೇ ಅಲ್ವಾ? ಆದರೆ ಎರಡನೆಯ ಲೋಟ ಯಾವುದರದ್ದು ಬೇಕು ಅಂದಾಗ ಇಬ್ಬರು ಎರಡನೆಯ ಜಾಡಿಗೆ ಬಂದರು. ನಾನೂ ಅದೇ ಕಡೆ. ಹನಿ ಮಾಲ್ಟಿನ ಸಿಹಿ ಬ್ರೆಡ್ಡಿನ ಸಿಹಿ. ಚೆನ್ನಾಗಿದೆ, ಆದರೆ ಅದರಲ್ಲಿ ಹೂವಿಲ್ಲ.

ಯಾವಾಗ ಅನ್ನುವುದು ಇತ್ಯರ್ಥವಾಯಿತು. ಮುಂದಿನ ಸಲ ಯಾವ ಜೇನು ಅಂತ ನೋಡಿದೆ. ಎಲ್ಲವನ್ನೂ ನಾಲ್ಕನೆಯ ದಿನವೇ ಹಾಕಿದ್ದು. ಅಂಗಡಿಯ ಕ್ಲೋವರ್ ಜೇನು ಮೆದು, ಬಿಯರಿನಲ್ಲಿ ಕರಗಿಹೋಯಿತು. ಬಕ್‌ವೀಟ್ ಜೇನು ಕಪ್ಪಗೆ ನಮ್ಮ ಜೋನಿ ಬೆಲ್ಲದ ಹಾಗಿರುತ್ತದೆ. ಜೊತೆಗೆ ಕೊಟ್ಟಿಗೆಯ ವಾಸನೆ. ತಿಳಿ ಬಿಯರನ್ನು ಅದು ನುಂಗಿಹಾಕಿತು. ಪೋರ್ಟರಿನಂಥ ಕಪ್ಪು ಬಿಯರಿಗೆ ಹೊಂದಬಹುದು. ಶ್ವೇತಭವನದವರು 2012ರಲ್ಲಿ ಪ್ರಕಟಿಸಿದ ಎರಡು ಬಿಯರ್ ರೆಸಿಪಿಯಲ್ಲೂ ಒಂದು ಪೋರ್ಟರ್. ಜೇನು ಅವರ ತೋಟದ ಪೆಟ್ಟಿಗೆಯದೇ.

ಇನ್ನೊಂದು ಜೇನು ಸಕಲೇಶಪುರದ್ದು. ಅಮ್ಮ ಬರುವಾಗ ತಂದ ತುಡುವೆ ಜೇನು, ಮಳೆಗೆ ಮುಂಚೆ ಇಳಿಸಿದ್ದು. ವಿಮಾನ ನಿಲ್ದಾಣದಲ್ಲಿ ಫಾರಂನಲ್ಲಿ ಬರೆದು ತೋರಿಸಿಯೇ ತಂದರು. "ಔಷಧಿಗೆ ಇರ್ಲಿ ಅಂತ ತಂದ್ರೆ ಬಿಯರಿಗೆ ಹಾಕ್ತೀಯೇನೇ?" ಅಂದರು. ಒಂದು ಜಾಡಿಗೆ ಅಂತ ಹೇಳಿ ಒಪ್ಪಿಸಿದೆ. ತುಡುವೆ ಜೇನಿನಲ್ಲಿ ನೀರಿನಂಶ ಇಲ್ಲಿಯ ಜೇನಿಗಿಂತ ಜಾಸ್ತಿ, ಚಮಚದಿಂದ ಜಾರುವುದರಲ್ಲೇ ಗೊತ್ತಾಗುತ್ತದೆ. ಹಾಗಾಗಿ 150ರ ಬದಲು 160 ಗ್ರಾಂ ತೂಗಿದೆ.

ಮೂರು ವಾರದ ಮೇಲೆ ಬಾಟಲಿ ತೆಗೆದಾಗ ಮೊದಲು ಬಂದದ್ದು ಸಣ್ಣ ಹುಳಿ ವಾಸನೆ, ಕೆಟ್ಟಿತೇನೋ ಅಂದುಕೊಂಡೆ. ಲೋಟದಲ್ಲಿ ಎರಡು ನಿಮಿಷ ಬಿಟ್ಟೆ. ಆಗ ಒದ್ದೆ ಮರದ ಪೆಟ್ಟಿಗೆಯ ಮುಚ್ಚಳ ತೆಗೆದ ಹಾಗೆ, ಮೇಣ ಮತ್ತು ಕಾಡುಹೂವು. ಬಾಯಿಯ ಕೊನೆಯಲ್ಲಿ ತುಸು ಒಗರು. ಮೆಡೋಫೋಮಿನಷ್ಟು ಮುದ್ದಾಗಿಲ್ಲ, ಆದರೆ ನಾನು ಮಾಡಿದ ಬಿಯರಿನಲ್ಲಿ ನನಗೆ ಇದೇ ಹೆಚ್ಚು. ಅಮ್ಮ ಕುಡಿಯುವವರಲ್ಲ. ಲೋಟ ಮೂಸಿ ನೋಡಿ, "ನಮ್ಮ ತೋಟದ್ದೇ" ಅಂದರು.

ಈಗ ಜಾಡಿಯಲ್ಲಿರುವುದು ಎರಡನ್ನೂ ಕೂಡಿಸಿದ್ದು. 50 ಗ್ರಾಂ ಹನಿ ಮಾಲ್ಟ್, ಮೈಗೆ. ನಾಲ್ಕನೆಯ ದಿನ 150 ಗ್ರಾಂ ಮೆಡೋಫೋಮ್, ಪರಿಮಳಕ್ಕೆ. ತುಡುವೆ ಜೇನು ಇನ್ನು ಕಾಲು ಬಾಟಲಿ ಉಳಿದಿದೆ. ಅದನ್ನು ಅಮ್ಮ ಕಪಾಟಿನ ಮೇಲಿನ ಅರೆಯಲ್ಲಿ, ಔಷಧಿ ಡಬ್ಬಿಯ ಪಕ್ಕ ಇಟ್ಟು ಹೋಗಿದ್ದಾರೆ.