ಸರಿಗಮಪ: ಹಾಡು ಚೆನ್ನಾಗಿದೆ, ತೀರ್ಪು ಇನ್ನೂ ಚೆನ್ನಾಗಿರಬೇಕು

ಮುಂಬೈ ಹತ್ತಿರದ ಡೊಂಬಿವಲಿ ಕಡೆಯ ಕನ್ನಡದ ಮಕ್ಕಳಿಗೆ ನಾನು ಸುಗಮ ಸಂಗೀತ ಹೇಳಿಕೊಡುತ್ತೇನೆ. ಜೀ ಕನ್ನಡದಲ್ಲಿ ಸರಿಗಮಪ ಹಾಡಿನ ಸ್ಪರ್ಧೆ ನಡೆಯುವ ದಿನಗಳಲ್ಲಿ ಅಪ್ಪ ಅಮ್ಮಂದಿರು ಕೇಳುವುದು ಒಂದೇ ಪ್ರಶ್ನೆ. ಟೀಚರ್, ಇದನ್ನು ಮಕ್ಕಳಿಗೆ ತೋರಿಸಬಹುದಾ, ಏನಾದರೂ ಕಲಿಯುತ್ತಾರಾ? ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಹಾಡುಗಳಿಗೆ ಐದರಲ್ಲಿ ನಾಲ್ಕೂವರೆ ಸ್ಟಾರ್. ಜಡ್ಜ್‌ಗಳ ತೀರ್ಪಿಗೆ ಮೂರು.

ಹಾಡಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ವಾದ್ಯದವರು ವೇದಿಕೆಯಲ್ಲೇ ನುಡಿಸುತ್ತಾರೆ, ಸಣ್ಣ ಊರುಗಳಿಂದ ಬಂದವರೂ ಗಟ್ಟಿಯಾಗಿ ನಿಂತು ಹಾಡುತ್ತಾರೆ. ಶಾಲೆಯಲ್ಲಿ ಮರಾಠಿ, ಗೆಳೆಯರ ಜೊತೆ ಹಿಂದಿ ಅಂತ ಬೆಳೆಯುವ ಮುಂಬೈ ಮಗುವಿಗೆ ವಾರವಾರ ಇಷ್ಟು ಕನ್ನಡ ಹಾಡು ಕಿವಿಗೆ ಬೀಳುವುದೇ ದೊಡ್ಡ ವಿಷಯ.

ನನ್ನ ತಕರಾರೆಲ್ಲ ಹಾಡು ಮುಗಿದ ಮೇಲೆ ಜಡ್ಜ್‌ಗಳು ಆಡುವ ಮಾತಿನದು. ಸೂಪರ್. ಮೈ ಜುಂ ಅಂತು. ಬೇರೆ ಲೋಕಕ್ಕೇ ಕರೆದುಕೊಂಡು ಹೋದೆ ಕಂದಾ. ಹೊಗಳಲಿ, ಹೊಗಳಲೇಬೇಕು, ಅಷ್ಟು ಜನರ ಮುಂದೆ ನಿಂತ ಮಗುವಿನ ಮನಸ್ಸು ನೋಯಿಸಿ ಅಂತ ನಾನು ಹೇಳುತ್ತಿಲ್ಲ. ಆದರೆ ಚೆನ್ನಾಗಿದ್ದದ್ದು ಏನು? ತಾರಸ್ಥಾಯಿಗೆ, ಅಂದರೆ ಮೇಲಿನ ಸ್ವರಗಳಿಗೆ ಹೋದಾಗಲೂ ಶ್ರುತಿ ಬಿಡದೆ ಹಿಡಿದದ್ದಾ, ಚರಣದ ಉದ್ದ ಸಾಲನ್ನು ಒಂದೇ ಉಸಿರಲ್ಲಿ ತಂದದ್ದಾ, ಆ ಸಣ್ಣ ಸಂಗತಿಯನ್ನು, ಅಂದರೆ ಸಾಲಿಗೆ ಕೊಡುವ ಸ್ವರದ ತಿರುವನ್ನು, ಅವಸರ ಮಾಡದೆ ಹಾಕಿದ್ದಾ? ಅದನ್ನು ಹೇಳದಿದ್ದರೆ ಹಾಡಿದವರಿಗೂ ಗೊತ್ತಾಗುವುದಿಲ್ಲ, ಮನೆಯಲ್ಲಿ ಕೂತು ನೋಡುವವರಿಗಂತೂ ಇಲ್ಲವೇ ಇಲ್ಲ. ನನ್ನ ಹತ್ತಿರ ಬರುವ ಮಕ್ಕಳಿಗೆ, ಒಬ್ಬರ ಹಾಡು ಕೇಳಿ ಇನ್ನೊಬ್ಬರು ಅಭಿಪ್ರಾಯ ಹೇಳಿ ಅಂದರೆ ಸೂಪರ್ ಅನ್ನುತ್ತಾರೆ, ಅಲ್ಲಿಗೆ ಮಾತು ನಿಂತುಹೋಗುತ್ತದೆ. ಟಿವಿಯಲ್ಲಿ ಕೇಳಿದ್ದೇ ಅಷ್ಟು, ಪಾಪ.

ಇದಕ್ಕೆ ಸರಿಗಮಪ ಒಂದನ್ನೇ ದೂರುವುದು ಸರಿಯಲ್ಲ. ಟಿವಿಯ ಹಾಡಿನ ಸ್ಪರ್ಧೆಗಳಲ್ಲೆಲ್ಲ ಇದೇ ಕಥೆ. 2021ರಲ್ಲಿ ಹಿಂದಿಯ ಇಂಡಿಯನ್ ಐಡಲ್‌ನಲ್ಲಿ ಕಿಶೋರ್ ಕುಮಾರ್ ಹಾಡುಗಳ ವಿಶೇಷ ಸಂಚಿಕೆ ಬಂದಿತ್ತು. ಅದಕ್ಕೆ ಅತಿಥಿಯಾಗಿ ಹೋಗಿದ್ದ ಅವರ ಮಗ ಅಮಿತ್ ಕುಮಾರ್, ಎಲ್ಲರನ್ನೂ ಹೊಗಳಬೇಕು ಅಂತ ಕಾರ್ಯಕ್ರಮದವರು ತಮಗೆ ಹೇಳಿದ್ದರು ಎಂದು ಆಮೇಲೆ ಬಹಿರಂಗವಾಗಿಯೇ ಹೇಳಿದರು. ಅದನ್ನು ಓದಿದ ಮೇಲೆ ಯಾವ ಹೊಗಳಿಕೆ ಕೇಳಿದರೂ ಇದು ನಿಜವಾ ಅನ್ನಿಸುತ್ತದೆ. ನಿಜವಾಗಿ ಚೆನ್ನಾಗಿ ಹಾಡಿದವರಿಗೆ ಇದರಿಂದ ಆಗುವಷ್ಟು ಅನ್ಯಾಯ ಇನ್ನಾರಿಗೂ ಇಲ್ಲ.

ಇನ್ನೊಂದು ವಿಷಯ ಅಪ್ಪ ಅಮ್ಮಂದಿರು ತಿಳಿದಿರಬೇಕು. ಮನೆಯಲ್ಲಿ ನಾವು ಕೇಳುವುದು ರೆಕಾರ್ಡ್ ಆಗಿ, ಮಿಕ್ಸಿಂಗ್ ಮುಗಿಸಿ ಬಂದ ಧ್ವನಿ. ವೇದಿಕೆಯ ಎದುರು ಕೂತ ಜಡ್ಜ್ ಕೇಳಿದ್ದೂ ನಾವು ಕೇಳಿದ್ದೂ ಪೂರ್ತಿ ಒಂದೇ ಅಲ್ಲ. ಹಾಗಾಗಿಯೇ ಅವರು ಬಿಡಿಸಿ ಹೇಳುವುದು ಇನ್ನೂ ಮುಖ್ಯ ಅಲ್ವಾ? ಎರಡನೇ ಸಾಲಲ್ಲಿ ಶ್ರುತಿ ಸ್ವಲ್ಪ ಇಳಿಯಿತು ಅಂತ ಅವರು ಹೇಳಿದರೆ ತಾನೇ ನಾವು ಹಿಂದಕ್ಕೆ ಹೋಗಿ ಕಿವಿಗೊಟ್ಟು ಕೇಳುವುದು.

ಈಗ ಒಳ್ಳೆಯದನ್ನೂ ಹೇಳಬೇಕು. ಸರಿಗಮಪದ ಜಡ್ಜ್ ಆಗಿ ಗಾಯಕ ವಿಜಯ್ ಪ್ರಕಾಶ್ ಮಾತಾಡುವಾಗ ನಾನು ಕೈಯಲ್ಲಿರುವ ಕೆಲಸ ಬಿಟ್ಟು ಕೂರುತ್ತೇನೆ. ಮೈಸೂರಿನವರು, ಮುಂಬೈಗೆ ಬಂದು ಜೀ ಟಿವಿಯ ಹಿಂದಿ ಸರೆಗಮದಲ್ಲಿ ಸ್ಪರ್ಧಿಯಾಗಿ ಹಾಡಿದವರು, ಇದೇ ಊರಲ್ಲಿ ಕಷ್ಟಪಟ್ಟು ಮೇಲೆ ಬಂದವರು. ಸ್ಪರ್ಧಿಯ ಜಾಗದಲ್ಲಿ ನಿಂತಾಗ ಕಾಲು ಹೇಗೆ ನಡುಗುತ್ತದೆ ಅಂತ ಅವರಿಗೆ ಗೊತ್ತು. ಒಂದು ಸಾಲನ್ನು ತಾವೇ ಹಾಡಿ ತೋರಿಸಿದರು ಅಂದರೆ ಮುಗಿಯಿತು, ಹತ್ತು ವಾಕ್ಯದ ವಿವರಣೆ ಅದರಲ್ಲೇ ಬಂತು. ಹಲವು ಸೀಸನ್‌ಗಳಲ್ಲಿ ಮಹಾಗುರುಗಳಾಗಿ ಕೂತ ಹಂಸಲೇಖ ಅವರದು ಇನ್ನೊಂದು ರೀತಿ. ರಾಗ, ಸಾಹಿತ್ಯ, ಜನಪದ ಎಲ್ಲಾ ಕಡೆ ಸುತ್ತಿಸಿ ತರುತ್ತಾರೆ. ಸಣ್ಣ ಮಕ್ಕಳಿಗೆ ಎಲ್ಲ ಅರ್ಥವಾಗಲಿಕ್ಕಿಲ್ಲ, ಆದರೂ ಹಾಡಿನ ಹಿಂದೆ ಇಷ್ಟೆಲ್ಲ ಇದೆ ಅನ್ನುವುದು ತಲೆಗೆ ಹೋಗುತ್ತದೆ. ಇಂಥ ಮಾತಿಗೆ ಇನ್ನಷ್ಟು ಸಮಯ ಕೊಡಲಿ, ಕಣ್ಣೀರಿನ ಹಿನ್ನೆಲೆ ಸಂಗೀತ ಸ್ವಲ್ಪ ಕಡಿಮೆ ಮಾಡಲಿ. ನನಗೆ ಬೇಕಾಗಿರುವುದು ಇಷ್ಟೇ.

ನಮ್ಮ ಕಡೆ ಕನ್ನಡದ ಮನೆಗಳಲ್ಲೂ ಮರಾಠಿ ಸರಿಗಮಪ ನೋಡುತ್ತಾರೆ. 2008-09ರ ಲಿಟಲ್ ಚಾಂಪ್ಸ್ ನೆನಪಿರುವವರು ಬೇಕಾದಷ್ಟು ಜನ ಇದ್ದಾರೆ. ಕಾರ್ತಿಕಿ ಗಾಯಕ್ವಾಡ್ ಗೆದ್ದ ಸೀಸನ್, ಆರ್ಯಾ ಆಂಬೇಕರ್, ಮುಗ್ಧಾ ವೈಶಂಪಾಯನ್, ಪ್ರಥಮೇಶ್ ಲಘಾಟೆ, ರೋಹಿತ್ ರಾವುತ್ ಎಲ್ಲ ಅದರಲ್ಲೇ ಇದ್ದರು. ಅವಧೂತ್ ಗುಪ್ತೆ, ವೈಶಾಲಿ ಸಾಮಂತ್ ಜಡ್ಜ್‌ಗಳು. ಅಲ್ಲಿ ಅಂಕವನ್ನು ಸ ರಿ ಗ ಮ ಪ ಧ ನಿ ಅನ್ನುವ ಸ್ವರದಲ್ಲೇ ಕೊಡುತ್ತಿದ್ದರು. 'ಧ' ಬಂದರೆ ಇನ್ನೂ ಏನೋ ಕಡಿಮೆ ಇದೆ, 'ನಿ' ಬಂದರೆ ಖುಷಿ, ಮೇಲಿನ 'ಸಾ' ಬಂದರೆ ಮನೆಯಲ್ಲೆಲ್ಲ ಚಪ್ಪಾಳೆ. ಹೊಗಳಿಕೆ ಅಲ್ಲೂ ಇತ್ತು, ಆದರೆ ಒಂದು ಹಾಡಿಗೂ ಇನ್ನೊಂದಕ್ಕೂ ನಡುವಿನ ಅಂತರ ಎಲ್ಲರಿಗೂ ಕಾಣುತ್ತಿತ್ತು. ಆ ಐದು ಮಕ್ಕಳೇ ದೊಡ್ಡವರಾಗಿ 2021ರಲ್ಲಿ ಅದೇ ಕಾರ್ಯಕ್ರಮದಲ್ಲಿ ತೀರ್ಪು ಕೊಡುವ ಜಾಗದಲ್ಲಿ ಕೂತರು.

ಇದೆಲ್ಲಕ್ಕಿಂತ ನನ್ನ ಮನಸ್ಸಲ್ಲಿ ಮೇಲಿರುವುದು ಈಟಿವಿ ಕನ್ನಡದ ಎದೆ ತುಂಬಿ ಹಾಡುವೆನು. ಅದರ ಹಳೆಯ ತುಣುಕುಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ, ಮಕ್ಕಳಿಗೆ ನಾನು ಮೊದಲು ತೋರಿಸುವುದೇ ಅದನ್ನು. ಅದನ್ನು ನಡೆಸಿಕೊಡುತ್ತಿದ್ದ ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಮನೆಮಾತು ತೆಲುಗು. ಶಾಸ್ತ್ರೀಯ ಸಂಗೀತ ಕಲಿತವನಲ್ಲ ನಾನು ಅಂತ ಅವರೇ ಹೇಳಿಕೊಳ್ಳುತ್ತಿದ್ದರು. ಆದರೂ ಒಂದು ಅಕ್ಷರ ಜಾರಿದರೆ ಬಿಡುತ್ತಿರಲಿಲ್ಲ. ನಗುತ್ತಾ, ಆ ಮಗುವಿನ ಮುಖ ಸಪ್ಪಗಾಗದ ಹಾಗೆ, ಇಲ್ಲಿ ಸ್ವಲ್ಪ ಹೀಗೆ ಅಂತ ಹಾಡಿ ತೋರಿಸಿ, ಆ ಹಾಡು ರೆಕಾರ್ಡ್ ಆದ ದಿನ ಏನಾಯಿತು ಅಂತ ಹೇಳಿ, ಬರೆದವರ ಮತ್ತು ಸಂಗೀತ ಕೊಟ್ಟವರ ಹೆಸರು ಗೌರವದಿಂದ ಎತ್ತಿ ಮುಂದೆ ಹೋಗುತ್ತಿದ್ದರು. ಅದನ್ನು ನೋಡಿದವರಿಗೆ ತಪ್ಪು ಹೇಳುವುದಕ್ಕೂ ಪ್ರೀತಿ ಬೇಕು ಅಂತ ಗೊತ್ತಾಗುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಹೋದರು. ಮರುವರ್ಷ ಕಲರ್ಸ್ ಕನ್ನಡ ಹೊಸ ಜಡ್ಜ್‌ಗಳನ್ನು ಇಟ್ಟುಕೊಂಡು ಅದೇ ಹೆಸರಲ್ಲಿ ಕಾರ್ಯಕ್ರಮ ಮಾಡಿತು, ಆದರೆ ಎಸ್ಪಿಬಿ ಜಾಗ ತುಂಬುವುದು ಯಾರಿಂದಲೂ ಆಗುವ ಕೆಲಸವಲ್ಲ.

ಈ ಅಕ್ಷರದ ವಿಷಯ ಮುಂಬೈಯವರಿಗೆ ಬಹಳ ಮುಖ್ಯ. ಇಲ್ಲಿ ಎಷ್ಟೋ ಮಕ್ಕಳು ಕನ್ನಡ ಹಾಡನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ಅದರಲ್ಲಿ ಎ-ಏ, ಒ-ಓ ವ್ಯತ್ಯಾಸ ತೋರಿಸುವ ರೂಢಿ ಇಲ್ಲ. ನೆನಪು ನೇನಪು ಆಗುತ್ತದೆ, ಒಲವು ಓಲವು ಆಗುತ್ತದೆ, ಜೊತೆಗೆ ತಾಳವೂ ಎಳೆಯುತ್ತದೆ. ಟಿವಿಯಲ್ಲಿ ಇಂಥ ತಪ್ಪನ್ನು ಪರವಾಗಿಲ್ಲ ಬಿಡು ಅಂತ ದಾಟಿಸಿದರೆ, ನಾನು ತಿದ್ದಲು ಹೋದಾಗ ಮಕ್ಕಳು ಅಲ್ಲಿ ಯಾರೂ ಏನೂ ಹೇಳಲಿಲ್ಲವಲ್ಲ ಟೀಚರ್ ಅನ್ನುತ್ತಾರೆ.

ತೋರಿಸುವವರಿಗೆ ಒಂದೆರಡು ಮಾತು. ಜೀ5 ಆ್ಯಪ್‌ನಲ್ಲಿ ನೋಡಿ, ನಿಲ್ಲಿಸಿ ನಿಲ್ಲಿಸಿ ನೋಡಬಹುದು. ಹಾಡು ಮುಗಿದ ಕೂಡಲೇ ನಿಲ್ಲಿಸಿ, ಶ್ರುತಿ ಹೇಗಿತ್ತು, ಅಕ್ಷರ ಹೇಗಿತ್ತು, ಉಸಿರು ಎಲ್ಲಿ ತೆಗೆದುಕೊಂಡರು ಅಂತ ಮಗುವನ್ನು ಕೇಳಿ, ಆಮೇಲೆ ಜಡ್ಜ್ ಮಾತು ಹಾಕಿ. ಲೋಕಲ್ ಟ್ರೇನಿನ ಗದ್ದಲದಲ್ಲಿ ಮೊಬೈಲ್ ಹಿಡಿದು ನೋಡಬೇಡಿ, ಆ ಸದ್ದಿನಲ್ಲಿ ಶ್ರುತಿ ಏನೂ ತಿಳಿಯುವುದಿಲ್ಲ. ಗ್ರ್ಯಾಂಡ್ ಫಿನಾಲೆ ಬಿಟ್ಟರೂ ನಡೆಯುತ್ತದೆ, ಅತಿಥಿಗಳು, ಕುಣಿತ, ಜಾಹೀರಾತು ಅಂತ ಗಂಟೆಗಟ್ಟಲೆ ಹೋಗುತ್ತದೆ. ಆಡಿಷನ್ ಸಂಚಿಕೆಗಳನ್ನು ಮಾತ್ರ ತಪ್ಪಿಸಬೇಡಿ. ಅಲ್ಲಿ ಕೆಲವರಿಗೆ ಬೇಡ ಅನ್ನಲೇಬೇಕು, ಬೇಡ ಅಂದ ಮೇಲೆ ಯಾಕೆ ಅಂತಲೂ ಹೇಳಬೇಕಾಗುತ್ತದೆ.