ಲೈಬ್ರರಿಯಿಂದ ತಂದ ಮೂರು ಪತ್ತೇದಾರಿ ಸರಣಿಗಳು: ನನಗೆ ಹಿಡಿಸಿದ್ದು ಯಾವುದು?

ರಕ್ತ, ಚೀರಾಟ ಇಲ್ಲದ ಪತ್ತೇದಾರಿ ಕಥೆ ಬೇಕಿತ್ತು. ಅದಕ್ಕೇ ಈ ಚಳಿಗಾಲದಲ್ಲಿ ನ್ಯೂಜೆರ್ಸಿಯ ನಮ್ಮ ಮನೆ ಹತ್ತಿರದ ಲೈಬ್ರರಿಯಿಂದ ಮೂರು ಸರಣಿಗಳನ್ನು ತಂದು ಓದಿದೆ. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್, ರಿಚರ್ಡ್ ಓಸ್ಮನ್ ಬರೆದ ಥರ್ಸ್‌ಡೇ ಮರ್ಡರ್ ಕ್ಲಬ್, ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಬರೆದ ನಂಬರ್ ಒನ್ ಲೇಡೀಸ್ ಡಿಟೆಕ್ಟಿವ್ ಏಜೆನ್ಸಿ. ಚಿಕ್ಕವಳಿದ್ದಾಗ ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಬಾಡಿಗೆಗೆ ತಂದು ಒಂದೇ ರಾತ್ರಿಯಲ್ಲಿ ಮುಗಿಸುತ್ತಿದ್ದೆ. ಈಗ ಮಲಗುವ ಮುಂಚೆ 20 ಪುಟ ಓದಿದರೆ ಸಾಕು.

ಲೈಬ್ರರಿ ಪುಸ್ತಕ ಅಂದಮೇಲೆ ಮೊದಲು ನೋಡಬೇಕಾದ್ದು, ಸರಣಿಯನ್ನು ಮೊದಲಿನಿಂದಲೇ ಓದಬೇಕಾ ಅಂತ. ಮಾರ್ಪಲ್‌ಗೆ ಆ ಗೋಜಿಲ್ಲ. ಒಟ್ಟು 12 ಕಾದಂಬರಿ, ಮೊದಲನೆಯದು 1930ರದ್ದು, ಶೆಲ್ಫಿನಲ್ಲಿ ಯಾವುದು ಸಿಗುತ್ತೋ ಅದನ್ನೇ ಎತ್ತಿಕೊಂಡು ಬನ್ನಿ. ಥರ್ಸ್‌ಡೇ ಕ್ಲಬ್ ಹಾಗಲ್ಲ. 2020ರ ಮೊದಲ ಪುಸ್ತಕಕ್ಕೆ ಸರತಿ ಜಾಸ್ತಿ ಇತ್ತು ಅಂತ ಎರಡನೆಯದನ್ನೇ ಮೊದಲು ಓದಿಬಿಟ್ಟೆ, ತಪ್ಪಾಯಿತು. ಕೊಲೆಗಳ ಬೆನ್ನುಹತ್ತುವ ಆ ಕ್ಲಬ್ಬಿನ ನಾಲ್ವರು ವಯಸ್ಸಾದವರು ಒಬ್ಬರಿಗೊಬ್ಬರು ಹೇಗೆ ಹತ್ತಿರವಾದರು ಅನ್ನೋದೇ ಅದರ ಜೀವ ಅಲ್ವಾ. ಮತ್ತೆ ಮೊದಲಿನಿಂದ ಓದಿದಾಗ ಅವರಲ್ಲೊಬ್ಬರಾದ ಜಾಯ್ಸಮ್ಮನ ಡೈರಿ ಬಹಳ ಇಷ್ಟವಾಯಿತು. ಆದರೆ ಇದರಲ್ಲಿ ಹೆಣಗಳು ಜಾಸ್ತಿ, ತಿರುವುಗಳು ಅದಕ್ಕಿಂತ ಜಾಸ್ತಿ. ನಿದ್ದೆ ಬರುವ ಹೊತ್ತಿಗೆ ಯಾರು ಯಾರನ್ನು ಕೊಂದರು ಅಂತ ಹಿಂದಿನ ಪುಟ ತಿರುವಬೇಕಾಗುತ್ತಿತ್ತು.

ಮಾರ್ಪಲ್ ನಮ್ಮೂರ ಜಗಲಿಯ ಅಜ್ಜಿಯ ಥರ. ಕೈಯಲ್ಲಿ ಹೆಣಿಗೆ, ಕಿವಿ ಎಲ್ಲ ಕಡೆ. ಯಾರನ್ನೇ ನೋಡಿದರೂ ತನ್ನ ಹಳ್ಳಿಯ ಇನ್ಯಾರೋ ನೆನಪಾಗುತ್ತಾರೆ, ಅಲ್ಲೇ ಸುಳಿವು. ಒಗಟು ಕಟ್ಟುವುದರಲ್ಲಿ ಉಳಿದಿಬ್ಬರೂ ಈಕೆಯ ಹತ್ತಿರ ಬರುವುದಿಲ್ಲ. ಆದರೆ ಪುಸ್ತಕ ಮುಚ್ಚಿದ ಮೇಲೆ ನನಗೆ ನೆನಪಿರೋದು ಒಗಟು, ಮನುಷ್ಯರಲ್ಲ.

ನನ್ನ ಮನಸ್ಸು ನಿಂತದ್ದು ನಂಬರ್ ಒನ್ ಏಜೆನ್ಸಿಯ ನಾಯಕಿ, ಆಫ್ರಿಕಾದ ಬೋಟ್ಸ್ವಾನಾ ದೇಶದ ರಮೋಟ್ಸ್ವೆ ಹತ್ತಿರ. ಗಣಿಯಲ್ಲಿ ದುಡಿದು ಎದೆ ಕೆಡಿಸಿಕೊಂಡು ಸತ್ತ ಅಪ್ಪ ಬಿಟ್ಟುಹೋದ ದನಗಳನ್ನು ಮಾರಿ ಆಕೆ ಏಜೆನ್ಸಿ ತೆರೆಯುತ್ತಾಳೆ. ಪುಟ್ಟ ಬಿಳಿ ವ್ಯಾನು, ಕೆಂಪು ಟೀ, ಸೆಕ್ರೆಟರಿ ಪರೀಕ್ಷೆಯಲ್ಲಿ 97 ಪರ್ಸೆಂಟ್ ತೆಗೆದ ಸಹಾಯಕಿ. ಇಲ್ಲಿ ಕೊಲೆ ಅಪರೂಪ. 1998ರ ಮೊದಲ ಪುಸ್ತಕದಲ್ಲೇ ನೋಡಿ, ಒಬ್ಬ ಹೆಂಗಸಿನ ಮನೆಗೆ ನಾನೇ ನಿನ್ನ ಅಪ್ಪ ಅಂತ ಒಬ್ಬ ಬಂದು ಸೇರಿಕೊಂಡಿರುತ್ತಾನೆ. ರಮೋಟ್ಸ್ವೆ ನರ್ಸ್ ವೇಷದಲ್ಲಿ ಹೋಗಿ, ನಿಮ್ಮ ಮಗಳಿಗೆ ಏಟಾಗಿದೆ, ನಿಮ್ಮ ರಕ್ತ ಬೇಕು, ತುಂಬಾ ಬೇಕು ಅನ್ನುತ್ತಾಳೆ. ಅವನ ಮುಖ ಏನಾಯಿತು ಅಂತ ನೀವೇ ಓದಿ. ಸರಣಿ ಉದ್ದ ಇದೆ, ಮೊದಲೆರಡನ್ನು ಕ್ರಮವಾಗಿ ಓದಿ, ಆಮೇಲೆ ಸಿಕ್ಕಿದ್ದನ್ನು ತನ್ನಿ, ಏನೂ ಕೆಡುವುದಿಲ್ಲ.

ಭಾನುವಾರ ಫೋನಿನಲ್ಲಿ ಅಮ್ಮನಿಗೆ ಇದೇ ಕಥೆ ಹೇಳಿದೆ. ವ್ಯಾನು, ಟೀ ಎಲ್ಲ ಸುಮ್ನೆ ಕೇಳಿಸಿಕೊಂಡರು. ದನ ಮಾರಿದ್ದು ಹೇಳಿದಾಗ ಮಾತ್ರ, "ಅಯ್ಯೋ, ಒಂದನ್ನೂ ಇಟ್ಕೊಳ್ಳಲಿಲ್ವೇನೇ?" ಅಂದರು.